349 ರೂಪಾಯಿ ಬೀಜದುಂಡೆ ಡಬ್ಬಿ, ಮನೇಲಿ ಕಟ್ಟಿದ ಉಂಡೆ: ಎರಡು ಮಳೆಗಾಲ ನೋಡಿದ್ಮೇಲೆ ಬರೀತಿರೋ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಆನ್‌ಲೈನಲ್ಲಿ ಸಿಗೋ ರೆಡಿಮೇಡ್ ವೈಲ್ಡ್‌ಫ್ಲವರ್ ಸೀಡ್ ಬಾಲ್ (ಮಣ್ಣಲ್ಲಿ ಹೂವಿನ ಬೀಜ ಸೇರಿಸಿ ಕಟ್ಟಿದ ಉಂಡೆ) ಡಬ್ಬಿ ತಗೊಳೋ ಯೋಚನೆ ಇದ್ರೆ ಸ್ವಲ್ಪ ತಡೀರಿ, ಇದನ್ನ ಓದಿ ಆಮೇಲೆ ಕಾರ್ಟ್‌ಗೆ ಹಾಕಿ. ನಾನು ಒಂದು ಮಳೆಗಾಲ ಡಬ್ಬಿ ನಂಬ್ಕೊಂಡು ಕಳೆದೆ, ಇನ್ನೊಂದು ಮಳೆಗಾಲ ನಾವೇ ಮಣ್ಣು ಕಲಸಿ ಉಂಡೆ ಕಟ್ಟಿದ್ವಿ. ಎರಡರದ್ದೂ ಲೆಕ್ಕ ಬರೆದಿಟ್ಕೊಂಡಿದೀನಿ. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಇದೇ ಥರದ ಡಬ್ಬಿ ಬೇರೆ ಬೇರೆ ಹೆಸರಲ್ಲಿ ಬರ್ತಿದೆ, ಹೆಸರಿಗಿಂತ ಡಬ್ಬಿ ಒಳಗೆ ಏನಿದೆ ಅಂತ ನೋಡೋದು ಕಲಿತರೆ ಸಾಕು.

ಇದೆಲ್ಲ ಶುರುವಾಗಿದ್ದು ದೀಪಾವಳಿಯಿಂದ. ನಾವಿರೋದು ತುಮಕೂರಿನ ಹೊರಗಡೆ ಒಂದು ಲೇಔಟಲ್ಲಿ. ನಮ್ಮತ್ತೆ ಗುಬ್ಬಿ ಕಡೆಯವರು, ಹಬ್ಬದ ದಿನ ಬೆಳಿಗ್ಗೆ ಸಗಣೀಲಿ ಬೆನಕನ್ನ ಮಾಡಿ ಹೊಸಲ ಹತ್ರ ಇಟ್ಟು ಹೂ ಸಿಕ್ಕಿಸ್ತಾರಲ್ಲ, ಅದಕ್ಕೆ ಅವರಿಗೆ ಹುಚ್ಚೆಳ್ಳು ಹೂ, ಅಣ್ಣೆ ಹೂ (ಹೊಲದಲ್ಲಿ ತಾನೇ ಬೆಳೆಯೋ ಕೋಳಿಜುಟ್ಟಿನ ಜಾತಿ), ತಂಗಡಿ (ಆವರಿಕೆ) ಹೂ ಇವೇ ಆಗ್ಬೇಕು. ಊರಲ್ಲಿ ಇದ್ದಾಗ ರಾಗಿ ಹೊಲದ ಅಂಚಿಗೆ ಹೋಗಿ ಒಂದು ಮಡ್ಲು ಕಿತ್ಕೊಂಡ್ ಬರೋರಂತೆ, ಕಾಸು ಕೊಟ್ಟಿದ್ದೇ ಇಲ್ಲ. ಇಲ್ಲಿ ಮಾರ್ಕೆಟ್‌ಗೆ ಹೋದ್ರೆ ಚೆಂಡು ಹೂ ಸೇವಂತಿಗೆ ರಾಶಿ ರಾಶಿ ಸಿಗುತ್ತೆ, ಅಣ್ಣೆ ಹೂ ಕೇಳಿದ್ರೆ ಹೂವಿನ ಅಂಗಡಿಯವರೇ ಮುಖ ನೋಡ್ತಾರೆ. ಆ ವರ್ಷ ಅತ್ತೆ ಬರೀ ಚೆಂಡು ಹೂ ಸಿಕ್ಕಿಸಿ, ಏನೂ ಮಾತಾಡ್ದೆ ಒಳಗೆ ಹೋದ್ರು. ಅದು ನನಗೆ ತುಂಬಾ ಚುಚ್ತು. ಪಕ್ಕದ 30×40 ಸೈಟು ನಮ್ಮ ಭಾವನವರದ್ದೇ, ಅವರು ಸದ್ಯಕ್ಕೆ ಮನೆ ಕಟ್ಟಲ್ಲ, ಅಲ್ಲಿ ಕಾಂಗ್ರೆಸ್ ಗಿಡ ಬಿಟ್ರೆ ಬೇರೆ ಏನೂ ಇರ್ಲಿಲ್ಲ. ಇಲ್ಲೇ ಆ ಹೂಗಳನ್ನ ಯಾಕೆ ಬೆಳೀಬಾರ್ದು ಅಂತ ಆವತ್ತೇ ಮನಸಲ್ಲಿ ಬಂತು.

ಡಬ್ಬಿ ವಿಷಯಕ್ಕೆ ಬರ್ತೀನಿ. 349 ರೂಪಾಯಿ, 20 ಉಂಡೆ. ಪ್ಯಾಕಿಂಗ್ ನಿಜಕ್ಕೂ ಚೆನ್ನಾಗಿದೆ, ಕಂದು ಬಣ್ಣದ ರಟ್ಟಿನ ಡಬ್ಬಿ, ಒಳಗೆ ಕಾಗದದ ಚೂರಿನ ಹಾಸಿಗೆ, ಅದರ ಮೇಲೆ ಒಂದೇ ಅಳತೆಯ ದುಂಡು ದುಂಡು ಉಂಡೆಗಳು, ಯಾರಿಗಾದ್ರೂ ಉಡುಗೊರೆ ಕೊಟ್ರೆ ಖುಷಿ ಪಡ್ತಾರೆ. ಮೇಲೆ "15 ಬಗೆಯ ಕಾಡು ಹೂಗಳು" ಅಂತ ಬರೆದಿದೆ. ಯಾವ 15 ಅಂತ ಎಲ್ಲೂ ಇಲ್ಲ. ಬೀಜ ಯಾವ ವರ್ಷದ್ದು, ಉಂಡೆ ಯಾವಾಗ ಕಟ್ಟಿದ್ದು, ಎಷ್ಟು ತಿಂಗಳೊಳಗೆ ಹಾಕ್ಬೇಕು, ಇದೂ ಇಲ್ಲ. ಮಾಮೂಲಿ ತರಕಾರಿ ಬೀಜದ ಪ್ಯಾಕೆಟ್ ಮೇಲೂ ಮೊಳಕೆ ಪ್ರಮಾಣ ಇಷ್ಟು, ಪರೀಕ್ಷೆ ಮಾಡಿದ ದಿನಾಂಕ ಇದು ಅಂತ ಹಾಕಿರ್ತಾರೆ, ಇಷ್ಟು ದುಡ್ಡು ತಗೊಂಡು ಅದನ್ನೂ ಹಾಕಿಲ್ಲ ಅಂದ್ರೆ ಹೇಗೆ? ಬಳಸೋ ವಿಧಾನ ಅಂತ ಒಂದೇ ಸಾಲು, ವರ್ಷದ ಯಾವ ಕಾಲದಲ್ಲಾದ್ರೂ ಎಸೆಯಿರಿ, ಮಳೆ ಉಳಿದಿದ್ದನ್ನ ನೋಡ್ಕೊಳುತ್ತೆ ಅಂತ. ಈ ಒಂದು ಸಾಲೇ ಎಲ್ಲಕ್ಕಿಂತ ದೊಡ್ಡ ತಪ್ಪು, ಆಮೇಲೆ ಹೇಳ್ತೀನಿ.

ಡಬ್ಬಿ ಹಿಂದೆ ಜಪಾನಿನ ಪ್ರಾಚೀನ ವಿದ್ಯೆ ಅಂತೆಲ್ಲ ಒಂದು ಕಥೆ ಇದೆ. ಇದನ್ನ ಈ ಕಾಲಕ್ಕೆ ಮತ್ತೆ ಎತ್ತಿ ತೋರಿಸಿದ್ದು ಮಸನೊಬು ಫುಕುವೋಕ ಅನ್ನೋ ರೈತರು, ಶಿಕೋಕು ದ್ವೀಪದವರು, 1988ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ನಮ್ಮ ಕಡೆ ಸಹಜ ಕೃಷಿ ಮಾಡೋರಿಗೆಲ್ಲ ಅವರ ಹೆಸರು ಗೊತ್ತು. ಅವರು ಉಂಡೆ ಕಟ್ಟಿದ್ದು ಚೆಂದಕ್ಕಲ್ಲ. ಉಳುಮೆ ಮಾಡ್ದಿರೋ ನೆಲದ ಮೇಲೆ ಭತ್ತದ ಬೀಜ ಹಾಗೇ ಚೆಲ್ಲಿದ್ರೆ ಹಕ್ಕಿ, ಇಲಿ ತಿಂದ್ಬಿಡ್ತವೆ, ಅದಕ್ಕೆ ಜೇಡಿಮಣ್ಣಿನ ಅಂಗಿ ಹಾಕಿದ್ರು. ಮಳೆ ಬಂದಾಗ ಆ ಅಂಗಿ ಕರಗಿ ಬೀಜ ನೆಲ ಹಿಡೀಬೇಕು. ಉಂಡೆಯ ಕೆಲಸ ಇಷ್ಟೇ: ಮಳೆ ಬರೋವರೆಗೂ ಬೀಜ ಕಾಯೋದು, ಮಳೆ ಬಂದ ತಕ್ಷಣ ದಾರಿ ಬಿಡೋದು. ಇದನ್ನ ತಲೇಲಿಟ್ಕೊಂಡ್ರೆ ಯಾವ ಉಂಡೆ ಒಳ್ಳೇದು ಯಾವುದು ಕೆಟ್ಟದ್ದು ಅಂತ ತಾನಾಗೇ ಗೊತ್ತಾಗುತ್ತೆ.

ನಾನು ಆ 20 ಉಂಡೆನ ಭರಣಿ ಮಳೇಲಿ ಹಾಕ್ದೆ, ಏಪ್ರಿಲ್ ಕೊನೇಲಿ. ಎರಡು ದಿನ ಒಳ್ಳೆ ಮಳೆ ಬಂತು, ವಾರದಲ್ಲಿ ಮೂರ್ನಾಲ್ಕು ಕಡೆ ಹಸಿರು ಕಾಣಿಸ್ತು, ಮಕ್ಕಳೆಲ್ಲ ಹೋಗಿ ನೋಡ್ಕೊಂಡ್ ಬಂದ್ರು. ಆಮೇಲೆ ಎರಡು ವಾರಕ್ಕೂ ಜಾಸ್ತಿ ಒಂದು ಹನಿ ಇಲ್ಲ, ಬಿಸಿಲು ಅಂದ್ರೆ ಬಿಸಿಲು, ಬಂದಿದ್ದೆಲ್ಲ ಸುಟ್ಟೋಯ್ತು. ಬೇಸಿಗೆ ಮಳೆ ನಂಬಿ ಬೀಜ ಹಾಕೋದು ರೈತರು ಯಾರೂ ಮಾಡಲ್ಲ, ಅತ್ತೇನ ಕೇಳಿದ್ರೆ ಅವರೇ ಹೇಳ್ತಿದ್ರು, ನಾನು ಕೇಳ್ಲಿಲ್ಲ, ಆ ತಪ್ಪು ನನ್ನದು. ಆದ್ರೆ ಯಾವ ಕಾಲದಲ್ಲಾದ್ರೂ ಹಾಕಿ ಅಂತ ಅಚ್ಚು ಹಾಕಿಸಿರೋರ ತಪ್ಪೂ ಅಷ್ಟೇ ಇದೆ. ತುಮಕೂರಲ್ಲಿ ಮುಂಗಾರಿನ ಶುರು ಯಾವಾಗ್ಲೂ ಅಷ್ಟಕ್ಕಷ್ಟೆ, ನಮಗೆ ನಂಬಿಕಸ್ತ ಮಳೆ ಅಂದ್ರೆ ಸೆಪ್ಟೆಂಬರ್, ಅಕ್ಟೋಬರ್ ಕಡೆಯದ್ದು. ಕರಾವಳಿಯವರಿಗೆ, ಮಲೆನಾಡಿನವರಿಗೆ ಜೂನಲ್ಲೇ ಹಾಕಿದ್ರೂ ನಡೆಯುತ್ತೆ, ಅಲ್ಲಿ ಮಳೆ ಬಿಡೋದೇ ಇಲ್ಲ. ಇಡೀ ದೇಶಕ್ಕೆ ಒಂದೇ ಸಾಲು ಬರೆದ್ರೆ ಆಗುತ್ತಾ?

ಜೂನ್ ಮುಗಿಯೋವರೆಗೂ ಕಾದೆ, ಮೃಗಶಿರಾ ಮಳೇನೂ ಆಯ್ತು. 20ರಲ್ಲಿ 9 ಉಂಡೆ ಇಟ್ಟಿದ್ದು ಇಟ್ಟಲ್ಲೇ ಗೋಲಿ ಥರ ಬಿದ್ದಿದ್ವು. ಒಂದನ್ನ ತಂದು ಹೆಬ್ಬೆರಳಲ್ಲಿ ಒತ್ತಿ ನೋಡ್ದೆ, ಒಡೀಲಿಲ್ಲ. ಕೊನೆಗೆ ಕುಟ್ಟಾಣೀಲಿ ಒಂದೇಟು ಹಾಕಿದ್ಮೇಲೆ ಎರಡು ಹೋಳಾಯ್ತು. ಒಳಗೆ ನೋಡಿ ಹೊಟ್ಟೆ ಉರೀತು. ಮಧ್ಯದಲ್ಲಿ ಐದಾರು ಬೀಜ ಒತ್ತೊತ್ತಾಗಿ ಅಂಟ್ಕೊಂಡಿದ್ವು, ಎರಡು ಬೀಜದಿಂದ ಕೂದಲೆಳೆ ಅಷ್ಟು ಬೇರು ಹೊರಗೆ ಬಂದು, ದಾರಿ ಸಿಗದೆ ಅಲ್ಲೇ ಸುತ್ಕೊಂಡು ಒಣಗಿತ್ತು, ಮಿಕ್ಕಿದ್ದಕ್ಕೆ ಬೂದು ಬಣ್ಣದ ಬೂಷ್ಟು. ಅಂದ್ರೆ ಬೀಜದಲ್ಲಿ ಜೀವ ಇತ್ತು, ಮಣ್ಣು ಬಿಡ್ಲಿಲ್ಲ. ಗೊಬ್ಬರ ಅನ್ನೋದೇ ಕಾಣಿಸ್ಲಿಲ್ಲ, ಪೂರ್ತಿ ಜೇಡಿ, ಮಿಷಿನ್ನಲ್ಲಿ ಒತ್ತಿ ಮಾಡಿದ್ದು ಅನ್ಸುತ್ತೆ. ಕೊರಿಯರ್‌ನಲ್ಲಿ ಒಡೀಬಾರ್ದು ಅಂತ ಅಷ್ಟು ಗಟ್ಟಿ ಮಾಡ್ತಾರೇನೋ, ಆದ್ರೆ ಮಳೇಲೂ ಒಡೀದಿದ್ರೆ ಅದನ್ನ ತಗೊಂಡು ಏನ್ ಮಾಡೋದು.

ಮಿಕ್ಕ ಉಂಡೇಲಿ ಬದುಕಿ ಹೂ ಬಿಟ್ಟಿದ್ದು ಒಟ್ಟು ಆರು ಗಿಡ. ನಾಲ್ಕು ಕಾಸ್ಮಾಸ್, ಒಂದು ಜಿನಿಯಾ, ಒಂದು ಚೆಂಡು ಹೂ. ಮೂರೂ ಮೂಲದಲ್ಲಿ ಮೆಕ್ಸಿಕೋ ಕಡೆಯವು. ಹೂ ಚೆನ್ನಾಗೇ ಇತ್ತು, ಅದರಲ್ಲಿ ಎರಡು ಮಾತಿಲ್ಲ, ಕುಂಡದಲ್ಲಿ ಹಾಕ್ಕೊಳೋಕೆ ಅಡ್ಡಿ ಇಲ್ಲ. ಆದ್ರೆ "ಕಾಡು ಹೂ" ಅಂತ ಮಾರಿ, ದಾರೀಲಿ ಎಸೀರಿ, ಬೆಟ್ಟದಲ್ಲಿ ಎಸೀರಿ, ಟ್ರಿಪ್ ಹೋದಾಗ ಕಾರಿಂದ ಎಸೀರಿ ಅಂತ ಡಬ್ಬಿ ಮೇಲೆ ಚಿತ್ರ ಬೇರೆ ಹಾಕಿದಾರಲ್ಲ, ಅದು ನನಗೆ ಸರಿ ಅನ್ಸಲ್ಲ. ಲಂಟಾನಾನೂ ತೋಟದ ಚೆಂದಕ್ಕೆ ಅಂತ ಬ್ರಿಟಿಷರ ಕಾಲದಲ್ಲಿ ತಂದಿದ್ದೇ, ಇವತ್ತು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದನ್ನ ಕಿತ್ತು ಕಿತ್ತು ಸುಸ್ತಾಗಿದಾರೆ. ಹಳದಿ ಕಾಸ್ಮಾಸ್ ಒಂದ್ಸಲ ಬೀಜ ಉದುರಿಸಿದ್ರೆ ಮುಂದಿನ ವರ್ಷ ತಾನೇ ಬರುತ್ತೆ, ರಸ್ತೆ ಬದೀಲಿ ಹಬ್ಬಿರೋದು ನೀವೇ ನೋಡಿರ್ತೀರ. ದೇವರಾಯನದುರ್ಗಕ್ಕೆ ಹೋಗೋರು ದಯವಿಟ್ಟು ಈ ಉಂಡೆ ಜೇಬಲ್ಲಿ ಇಟ್ಕೊಂಡು ಹೋಗ್ಬೇಡಿ. ಹುಲ್ಲುಗಾವಲು ಕಂಡ್ರೆ ಖಾಲಿ ಜಾಗ ಅಂದ್ಕೊಂಡು ಎಸೆಯೋರೂ ಇದಾರೆ, ಅದು ಖಾಲಿ ಅಲ್ಲ, ಹುಲ್ಲನ್ನೇ ನಂಬ್ಕೊಂಡಿರೋ ಹಕ್ಕಿ, ಮೊಲ ಎಲ್ಲ ಅಲ್ಲೇ ಇರ್ತವೆ.

ಕಸ್ಟಮರ್ ಕೇರ್‌ಗೆ ಫೋಟೋ ಹಾಕಿ ಮೇಲ್ ಮಾಡ್ದೆ, ಒಡೆದ ಉಂಡೆ ಫೋಟೋನೂ ಕಳಿಸ್ದೆ, ಯಾವ ಯಾವ ಬೀಜ ಅಂತ ಪಟ್ಟಿ ಕೇಳ್ದೆ. ನಾಲ್ಕು ದಿನಕ್ಕೆ ಉತ್ತರ ಬಂತು, ಪ್ರಕೃತಿಗೆ ಸಮಯ ಕೊಡಿ ಅಂತ. ಪಟ್ಟಿ ಕೊಡ್ಲಿಲ್ಲ. ಮುಂದಿನ ಆರ್ಡರ್‌ಗೆ 10 ಪರ್ಸೆಂಟ್ ಡಿಸ್ಕೌಂಟ್ ಕೋಡ್ ಕೊಟ್ರು, ಬಳಸ್ಲಿಲ್ಲ.

ಇನ್ನು ಮನೇಲಿ ಮಾಡಿದ್ದು. ಇದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ವಿಡಿಯೋಗಳಲ್ಲಿ ಎಲ್ಲರೂ ಮಣ್ಣು ಗೊಬ್ಬರ ಬೀಜ ಕಲಸಿ ಉಂಡೆ ಕಟ್ಟಿ ಅಷ್ಟೇ ಅಂತಾರೆ, ಎಲ್ಲಿ ಕೈ ಕೊಡುತ್ತೆ ಅನ್ನೋದನ್ನ ಹೇಳಲ್ಲ.

ಬೀಜ ಸೇರಿಸೋ ಕೆಲಸ ಹಿಂದಿನ ವರ್ಷದ ನವೆಂಬರಿಂದಾನೇ ಶುರು ಮಾಡ್ಬೇಕು, ಮೇ ತಿಂಗಳಲ್ಲಿ ಹುಡುಕಿದ್ರೆ ಸಿಗಲ್ಲ. ಅತ್ತೆ ಊರಿಗೆ ಹೋದಾಗ ಅಣ್ಣೆ ಗಿಡದ ಒಣಗಿದ ತೆನೆ ಒಂದು ಚೀಲ ತಂದ್ರು, ಮೊರದಲ್ಲಿ ಹಾಕಿ ಉಜ್ಜಿದ್ರೆ ಕರ್ರಗೆ ಮಿರ ಮಿರ ಮಿಂಚೋ ಸಣ್ಣ ಬೀಜ, ಸಾಸಿವೆಗಿಂತ ಚಿಕ್ಕದು, ಕೈಯಿಂದ ಜಾರಿ ಹೋಗುತ್ತೆ. ತುಂಬೆ ಬೀಜಕ್ಕೆ ಒಣಗಿದ ಗುಂಡು ಗುಂಡು ತಲೇನ ಪೇಪರ್ ಮೇಲೆ ತಲೆಕೆಳಗೆ ಹಿಡಿದು ಬೆರಳಲ್ಲಿ ತಟ್ಟಬೇಕು, ಅಷ್ಟೆ. ತಂಗಡಿ ಕಾಯಿ ರಿಂಗ್ ರೋಡ್ ಬದೀಲಿ ನಾನೇ ಕಿತ್ತೆ, ಕಂದು ಬಣ್ಣಕ್ಕೆ ತಿರುಗಿ ಅಲ್ಲಾಡಿಸಿದ್ರೆ ಗಲ ಗಲ ಅನ್ಬೇಕು, ಆಗ ಬಲಿತಿದೆ ಅಂತ. ಶಂಖಪುಷ್ಪ, ಕರ್ಣಕುಂಡಲ ಎರಡೂ ಬಲಿತ ಮೇಲೆ ತಾವೇ ಸಿಡಿದು ಬೀಜ ಎಸೀತವೆ, ಅದಕ್ಕೆ ಸಿಡಿಯೋ ಮೊದ್ಲೇ ಕೀಳ್ಬೇಕು. ಹುಚ್ಚೆಳ್ಳು ಮಾತ್ರ ದಿನಸಿ ಅಂಗಡೀಲಿ ಕಾಲು ಕೆಜಿ ತಗೊಂಡೆ, ಚಟ್ನಿಪುಡಿಗೆ ತರೋದೇ, ಹುರಿದಿರಬಾರ್ದು ಅಷ್ಟೇ. ಒದ್ದೆ ಬಟ್ಟೇಲಿ 20 ಕಾಳು ಕಟ್ಟಿಟ್ಟು ನೋಡ್ದೆ, ನಾಲ್ಕನೇ ದಿನಕ್ಕೆ 16 ಮೊಳೆತಿತ್ತು. ಈ ಪರೀಕ್ಷೆ ಎಲ್ಲ ಬೀಜಕ್ಕೂ ಮಾಡಿ, ಒಂದು ರೂಪಾಯಿ ಖರ್ಚಿಲ್ಲ. (ಹುಚ್ಚೆಳ್ಳಿನ ಮೂಲ ಇಥಿಯೋಪಿಯಾ ಕಡೆಯದ್ದು ಅಂತಾರೆ, ಅದೂ ಹೊರಗಿನದೇ ಅಲ್ವಾ ಅಂತ ಕೇಳ್ಬಹುದು. ನಿಜ, ಆದ್ರೆ ಎಷ್ಟೋ ತಲೆಮಾರಿಂದ ನಮ್ಮ ರಾಗಿ ಹೊಲದ ಅಕ್ಕಡಿ ಸಾಲಲ್ಲಿ, ಅಂದ್ರೆ ರಾಗಿ ಮಧ್ಯೆ ಬೇರೆ ಬೆಳೆ ಹಾಕೋ ಸಾಲಲ್ಲಿ, ಬೆಳೀತಾ ಇದೆ, ಅದು ಯಾವ ಕಾಡನ್ನೂ ನುಂಗಿಲ್ಲ.)

ಮಣ್ಣಿಗೆ ನಾನು ಮೊದ್ಲು ಸೈಟಿನ ಕೆಮ್ಮಣ್ಣೇ ಬಳಸ್ದೆ, ಉಂಡೆ ಒಣಗಿದ ಮೇಲೆ ಮುಟ್ಟಿದ್ರೆ ಪುಡಿ ಪುಡಿ. ಅದ್ರಲ್ಲಿ ಮರಳು ಜಾಸ್ತಿ. ಆಮೇಲೆ ಕುಂಬಾರರ ಮನೆಗೆ ಹೋಗಿ ಕೇಳಿದ್ವಿ, ಅವರು ಗಣಪತಿ ಮಾಡೋ ಕೆರೆ ಮಣ್ಣು ಒಂದು ಸಿಮೆಂಟ್ ಚೀಲದಷ್ಟು 100 ರೂಪಾಯಿಗೆ ಕೊಟ್ರು. ಮಣ್ಣು ನೋಡೋ ರೀತೀನೂ ಅವರೇ ಹೇಳಿಕೊಟ್ಟಿದ್ದು, "ಹಸಿ ಮಣ್ಣನ್ನ ಶ್ಯಾವಿಗೆ ಥರ ಹೊಸೆದು ಬೆರಳಿಗೆ ಉಂಗುರ ಹಾಕ್ ನೋಡಮ್ಮ, ಸೀಳ್ ಬಿಡ್ಲಿಲ್ಲ ಅಂದ್ರೆ ಅದು ಮಣ್ಣು" ಅಂತ. ಅದನ್ನ ಒಣಗಿಸಿ, ಕುಟ್ಟಿ, ಜರಡಿ ಹಿಡಿದೆ.

ಗೊಬ್ಬರದಲ್ಲಿ ಒಂದು ದೊಡ್ಡ ಪಾಠ ಕಲಿತೆ. ಮೊದಲ ಸಲದ ಉಂಡೆಗೆ ಯಾರೋ ಪುಣ್ಯಾತ್ಮರು ಕೊಟ್ಟ ತಿಪ್ಪೆ ಗೊಬ್ಬರ ಹಾಕಿದ್ದೆ. ಹತ್ತು ದಿನಕ್ಕೆ ಉಂಡೆ ಉಂಡೇಲೂ ಮೊಳಕೆ, ಕುಣಿದಾಡಿಬಿಟ್ಟೆ, ಅತ್ತೆ ಬಂದು ನೋಡಿ "ಇದು ಕಾಂಗ್ರೆಸ್ ಅಲ್ವೇನಮ್ಮ" ಅಂದ್ರು. ಹೌದು, ಪಾರ್ಥೇನಿಯಂ. ತಿಪ್ಪೇಲಿ ಆ ಬೀಜ ಇತ್ತು, ನಾನೇ ಅದನ್ನ ಉಂಡೆ ಕಟ್ಟಿ ಬಿತ್ತಿದ್ದೆ. ಎಲ್ಲಾನೂ ಕೈಯಾರೆ ಕಿತ್ತೆ. ಅದಕ್ಕೇ ಈಗ ಯಾವ ಗೊಬ್ಬರ ತಂದ್ರೂ ಮೊದ್ಲು ಒಂದು ತಟ್ಟೇಲಿ ಹರಡಿ, ನೀರು ಚಿಮುಕಿಸಿ ಹತ್ತು ಹನ್ನೆರಡು ದಿನ ಇಡ್ತೀನಿ, ಏನಾದ್ರೂ ಮೊಳೆತ್ರೆ ಆ ಗೊಬ್ಬರ ಬೇಡ. ಎರೆಗೊಬ್ಬರ ಒಳ್ಳೇದು, ಅದನ್ನೂ ಇದೇ ಥರ ನೋಡಿಯೇ ಬಳಸಿ.

ಅಳತೆ, ಐದು ಬಟ್ಟಲು ಮಣ್ಣಿಗೆ ಮೂರು ಬಟ್ಟಲು ಗೊಬ್ಬರ, ಒಂದು ಬಟ್ಟಲು ಬೀಜ ಅಂತ ಎಲ್ಲ ಕಡೆ ಹೇಳ್ತಾರೆ. ದಪ್ಪ ಬೀಜಕ್ಕೆ ಸರಿ ಇರ್ಬಹುದು. ಅಣ್ಣೆ, ತುಂಬೆಗೆ ಒಂದು ಬಟ್ಟಲು ಬೀಜ ಹಾಕಿದ್ರೆ ಒಂದೊಂದು ಉಂಡೇಲಿ ನೂರಾರು ಬೀಜ ಸೇರ್ಕೊಂಡ್ಬಿಡುತ್ತೆ, ಎಲ್ಲ ಒಟ್ಟಿಗೆ ಎದ್ದು ಒಂದರ ಕತ್ತು ಒಂದು ಹಿಸುಕ್ತವೆ. ನಾನು ಒಂದು ಉಂಡೇಲಿ 14 ಅಣ್ಣೆ ಸಸಿ ಎಣಿಸಿದೀನಿ, ಅದರಲ್ಲಿ ಉಳಿದಿದ್ದು ಎರಡು. ಈಗ ಸಣ್ಣ ಬೀಜ ಆದ್ರೆ ಅದೇ ಎಂಟು ಬಟ್ಟಲು ಮಿಶ್ರಣಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆ, ಮೊದ್ಲು ಒಣ ಮಣ್ಣಲ್ಲೇ ಚೆನ್ನಾಗಿ ಬೆರೆಸ್ಕೊಂಡು ಆಮೇಲೆ ನೀರು. ತಂಗಡಿ ಆದ್ರೆ ಉಂಡೆಗೆ ಎರಡು ಬೀಜ ಎಣಿಸಿ ಇಡ್ತೀನಿ. ಉಂಡೆ ಗಾತ್ರ ಅಡಿಕೆಗಿಂತ ದೊಡ್ಡದು ಬೇಡ, ನೆಲ್ಲಿಕಾಯಿ ಗಾತ್ರ ಮಾಡಿದ್ದು ಒಳಗೆ ಒಣಗಲೇ ಇಲ್ಲ.

ನೀರು ಹಾಕೋದ್ರಲ್ಲೇ ಇರೋದು ಎಲ್ಲ. ಚಪಾತಿ ಹಿಟ್ಟಿಗಿಂತ ಗಟ್ಟಿ ಇರ್ಬೇಕು, ರಾಗಿ ರೊಟ್ಟಿ ಹಿಟ್ಟಿನ ಹದ ಆದ್ರೆ ನೀರು ಜಾಸ್ತಿ ಆಯ್ತು ಅಂತ ಅರ್ಥ. ನೀರು ಜಾಸ್ತಿ ಆದ್ರೆ ಉಂಡೆ ಒಣಗೋಕೆ ಮೂರ್ನಾಲ್ಕು ದಿನ ತಗೊಳುತ್ತೆ, ಅಷ್ಟರಲ್ಲಿ ಬೀಜಕ್ಕೆ ಮಳೆ ಬಂತು ಅನ್ಸಿ ಒಳಗೇ ಮೊಳೆತು, ಆಮೇಲೆ ಮಣ್ಣು ಒಣಗಿದಾಗ ಸತ್ತೋಗುತ್ತೆ, ಆ ಡಬ್ಬಿ ಉಂಡೇಲಿ ಆದ ಹಾಗೇ. ಅದಕ್ಕೆ ನೆರಳಲ್ಲಿ, ಗಾಳಿ ಆಡೋ ಕಡೆ, ಬೇಕಾದ್ರೆ ಫ್ಯಾನ್ ಕೆಳಗೆ, ಒಂದೇ ದಿನದಲ್ಲಿ ಹೆಚ್ಚೂಕಮ್ಮಿ ಒಣಗ್ಬೇಕು, ಎರಡನೇ ದಿನಕ್ಕೆ ಪೂರ್ತಿ. ಬಿಸಿಲಿಗೆ ಇಟ್ರೆ ಬಿರುಕು ಬಿಡುತ್ತೆ. ಹಾಲಲ್ಲಿ ಹಳೇ ಸೀರೆ ಹಾಸಿ ಸಾಲಾಗಿ ಇಟ್ಟಿದ್ವಿ, ಎರಡು ರಾತ್ರಿ ಮನೆಯೆಲ್ಲ ಮೊದಲ ಮಳೆ ವಾಸನೆ.

ತಂಗಡಿ, ಶಂಖಪುಷ್ಪ ಇವಕ್ಕೆ ಬೀಜದ ಸಿಪ್ಪೆ ಕಲ್ಲಿನ ಥರ. ನೆನೆಸಿ ಹಾಕಿ ಅಂತಾರೆ, ನೆಲಕ್ಕೆ ನೇರ ಹಾಕೋದಾದ್ರೆ ಸರಿ, ಉಂಡೆಗೆ ನೆನೆಸಿದ್ದು ಹಾಕಿದ್ರೆ ಮೇಲೆ ಹೇಳಿದ ಹಾಗೆ ಒಳಗೇ ಮೊಳೆತು ಸಾಯುತ್ತೆ. ಅದಕ್ಕೆ ನೆನೆಸಬೇಡಿ, ಎರಡು ಸ್ಯಾಂಡ್ ಪೇಪರ್ ಮಧ್ಯೆ ಇಟ್ಟು ಮೆಲ್ಲಗೆ ಉಜ್ಜಿ, ಹೊಳಪು ಹೋಗಿ ಮಂಕಾದ್ರೆ ಸಾಕು. ನಾನು 20 ಉಂಡೆಗೆ ಉಜ್ಜಿದ ತಂಗಡಿ ಬೀಜ, 20 ಉಂಡೆಗೆ ಹಾಗೇ ಹಾಕಿ ಬೇರೆ ಬೇರೆ ಮೂಲೇಲಿ ಇಟ್ಟಿದ್ದೆ. ಉಜ್ಜಿದ್ದರಲ್ಲಿ 13 ಉಂಡೆ ಮೊಳೀತು, ಇನ್ನೊಂದರಲ್ಲಿ 3.

ಒಣಗಿದ ಮೇಲೆ ಒಂದು ಪರೀಕ್ಷೆ. ಸೊಂಟದೆತ್ತರದಿಂದ ನೆಲಕ್ಕೆ ಬಿಟ್ರೆ ಒಡೀಬಾರ್ದು, ಅದೇ ಉಂಡೇನ ಬಟ್ಟಲು ನೀರಿಗೆ ಹಾಕಿದ್ರೆ ಬಿಚ್ಕೋಬೇಕು. ನಮ್ಮದು ನೀರಿಗೆ ಬಿದ್ದ ತಕ್ಷಣ ಸಣ್ಣ ಗುಳ್ಳೆ ಬಿಡ್ತಾ, ಹತ್ತು ನಿಮಿಷಕ್ಕೆ ಅಂಚೆಲ್ಲ ಕಳಚಿ ಕೂತ್ಕೊಳ್ತು. ಸೈಟಲ್ಲಿ ಕರಗದೆ ಉಳಿದಿದ್ದ ಡಬ್ಬಿ ಉಂಡೆ ಒಂದನ್ನ ಪಕ್ಕದ ಬಟ್ಟಲಲ್ಲಿ ಹಾಕಿದ್ದೆ, ಬೆಳಿಗ್ಗೆ ಹಾಕಿದ್ದು ಸಂಜೆ ದೀಪ ಹಚ್ಚೋ ಹೊತ್ತಿಗೂ ಹಾಗೇ ಇತ್ತು. ಯಾರಾದ್ರೂ ಡಬ್ಬಿ ತಗೊಂಡೇ ತಗೋತೀನಿ ಅಂದ್ರೆ ಇದೊಂದು ಪರೀಕ್ಷೆ ಮಾಡಿ ನೋಡಿ.

ಹಾಕಿದ್ದು ಯಾವಾಗ ಅಂದ್ರೆ, ತಂಗಡಿ, ತುಂಬೆ, ಅಣ್ಣೆ ಜುಲೈಯಲ್ಲಿ ಪುನರ್ವಸು ಮಳೆ ಹಿಡಿದ ಮೇಲೆ. ಹುಚ್ಚೆಳ್ಳು ಆಗಸ್ಟಲ್ಲಿ, ಆಶ್ಲೇಷ ಮಳೆಗೆ. ಹುಚ್ಚೆಳ್ಳು ಹೂ ಬರೋಕೆ ಸುಮಾರು ಎರಡು ತಿಂಗಳು ಬೇಕು, ಬೇಗ ಹಾಕಿದ್ರೆ ದಸರಾಗೆ ಮೊದ್ಲೇ ಮುಗಿದೋಗುತ್ತೆ, ನಮಗೆ ಬೇಕಿದ್ದು ದೀಪಾವಳಿಗೆ. ಈ ಲೆಕ್ಕ ಪೂರ್ತಿ ಅತ್ತೆಯದ್ದು. ಎಸೀಲಿಲ್ಲ, ಕಾಂಗ್ರೆಸ್ ಕಿತ್ತು, ಸಲಿಕೇಲಿ ಮೇಲ್ಮಣ್ಣು ಕೆರೆದು, ಒಂದೊಂದು ಅಡಿಗೆ ಒಂದು ಉಂಡೆ ಇಟ್ಟು ಕಾಲಲ್ಲಿ ಮೆಲ್ಲಗೆ ಅದುಮಿದ್ವಿ, ಅರ್ಧ ಉಂಡೆ ನೆಲದಲ್ಲಿ ಅರ್ಧ ಮೇಲೆ. ಎಸೆದ ಉಂಡೆ ಉರುಳಿ ಹೋಗಿ ಒಣ ಹುಲ್ಲಿನ ಮೇಲೆ ಕೂರುತ್ತೆ, ಬೇರು ನೆಲ ಮುಟ್ಟೋದೇ ಇಲ್ಲ. ಜೂನ್ 5ಕ್ಕೆ, ಪರಿಸರ ದಿನ ಅಂತ, ಸ್ಕೂಲ್‌ಗಳಲ್ಲಿ ಮಕ್ಕಳ ಕೈಲಿ ಸಾವಿರಾರು ಉಂಡೆ ಮಾಡಿಸ್ತಾರೆ, ತುಂಬಾ ಒಳ್ಳೆ ಕೆಲಸ, ಎಸೆದು ಬರೋ ಬದಲು ಇಟ್ಟು ಅದುಮಿ ಬರೋದನ್ನೂ ಕಲಿಸಿದ್ರೆ ಮಕ್ಕಳ ಶ್ರಮ ಉಳಿಯುತ್ತೆ. ಬೇವಿನ ಬೀಜ ಹಾಕೋರು ಆ ವರ್ಷದ ಹೊಸ ಬೀಜಾನೇ ಹಾಕಿ, ಹಳೇದಕ್ಕೆ ಜೀವ ಇರಲ್ಲ.

ಉಂಡೆ ನಿಜವಾಗ್ಲೂ ಬೇಕಾ ಅನ್ನೋದನ್ನೂ ನೋಡ್ಬೇಕಿತ್ತು. ಅತ್ತೆ ಮೊದಲ ದಿನಾನೇ "ಹುಚ್ಚೆಳ್ಳಿಗೆ ಉಂಡೆ ಯಾಕಮ್ಮ, ಎರಚಿ, ಮುಳ್ಳುಕೊಂಬೆ ಎಳೆದು ಮಣ್ಣು ಮುಚ್ಚಿದ್ರೆ ಆಯ್ತಲ್ಲ" ಅಂದಿದ್ರು. ಸರಿ ಅಂತ ಅರ್ಧ ಜಾಗಕ್ಕೆ ಎರಚಿ, ಮಣ್ಣು ಕೆರೆದು ಮುಚ್ಚಿ, ಇನ್ನರ್ಧಕ್ಕೆ ಉಂಡೆ ಇಟ್ವಿ. ಎರಚಿದ ಕಡೆ ಹುಚ್ಚೆಳ್ಳು ಇನ್ನೂ ಚೆನ್ನಾಗಿ ಬಂತು, ಬೇಗಾನೂ ಬಂತು. ಇದನ್ನ ನಾನು ಮುಚ್ಚಿಡಲ್ಲ. ಮಣ್ಣು ಕೆದಕೋಕೆ ಆಗೋ ಜಾಗದಲ್ಲಿ ಹುಚ್ಚೆಳ್ಳಿಗೆ ಉಂಡೆ ಬೇಕಿಲ್ಲ. ಆದ್ರೆ ರಸ್ತೆ ಕಡೆ ಅಂಚು ಇದೆಯಲ್ಲ, ಜಲ್ಲಿ ಮಿಕ್ಸ್ ಆಗಿ ಗಟ್ಟಿಯಾಗಿರೋ ನೆಲ, ಅಲ್ಲಿ ಎರಚಿದ ಅಣ್ಣೆ ಬೀಜಾನ ಇರುವೆಗಳು ಒಂದೇ ಮಧ್ಯಾಹ್ನದಲ್ಲಿ ಸಾಲು ಹಚ್ಚಿ ಹೊತ್ಕೊಂಡ್ ಹೋದ್ವು, ಕೂತ್ಕೊಂಡು ನೋಡ್ದೆ, ಒಂದೊಂದು ಇರುವೆ ಬಾಯಲ್ಲೂ ಒಂದು ಕರಿ ಮಣಿ. ಅದೇ ಅಂಚಲ್ಲಿ ಇಟ್ಟ 60 ಉಂಡೇಲಿ 37ರಲ್ಲಿ ಗಿಡ ಆಯ್ತು. ಅಂಥ ಕಡೆಗೆ ಉಂಡೆಯೇ ಸರಿ. ತುಂಬೇನೂ ಅಷ್ಟೇ, ಉಂಡೇಲೇ ಚೆನ್ನಾಗಿ ಬಂತು. ಕರ್ಣಕುಂಡಲ ಮಧ್ಯಮ. ಶಂಖಪುಷ್ಪ ಎರಡೇ ಬಳ್ಳಿ, ಆದ್ರೆ ಬೇಲಿಯೆಲ್ಲ ಅದೇ.

ಸೆಪ್ಟೆಂಬರ್ ಕೊನೆಗೆ ಆ ಸೈಟು ನೋಡ್ಬೇಕಿತ್ತು ನೀವು. ತುಂಬೆ ಮೇಲೆ ಬೆಳಿಗ್ಗೆ ಏಳು ಗಂಟೆಯಿಂದಾನೇ ಜೇನು. ಬಿಳಿ ಹೂವಿನ ಕೆಳತುಟಿ ಮೇಲೆ ಬಂದು ಕೂತ್ರೆ ಹೂ ಇಡೀ ಬಗ್ಗುತ್ತೆ, ಜೇನಿನ ಬೆನ್ನಿಗೆ ಪರಾಗ ಒರೆಸ್ಕೊಂಡ್ಬಿಡುತ್ತೆ, ಎದ್ದು ಹೋಗುತ್ತೆ, ಪಕ್ಕದ್ದಕ್ಕೆ ಕೂರುತ್ತೆ. ತಂಗಡಿ ಎಳೆ ಎಲೆ ಮೇಲೆ ಹಸಿರು ಹುಳ ಬಂತು, ಔಷಧಿ ಹೊಡೀಬೇಕಾ ಅಂತ ಯಜಮಾನ್ರು ಕೇಳಿದ್ರು, ಬೇಡವೇ ಬೇಡ ಅಂದೆ. ಅದು ಆ ತಿಳಿ ಹಳದಿ ಚಿಟ್ಟೆ ಮರಿ, ತಂಗಡಿ ಕಕ್ಕೆ ಜಾತಿ ಗಿಡದ ಮೇಲೇ ಮೊಟ್ಟೆ ಇಡೋದು ಅದು. ಎಲೆ ತಿಂದ್ರೂ ಗಿಡ ಮತ್ತೆ ಚಿಗುರ್ತು. ಹುಚ್ಚೆಳ್ಳು ಕಾಳು ಕಟ್ಟಿದ ಮೇಲೆ ರಾಟವಾಳ (ಮುನಿಯಾ) ಹಕ್ಕಿ ಗುಂಪೇ ಬರೋಕೆ ಶುರುವಾಯ್ತು, ಈ ಲೇಔಟಲ್ಲಿ ಇಷ್ಟು ವರ್ಷ ಇದ್ದು ಒಂದ್ಸಲಾನೂ ನೋಡಿರ್ಲಿಲ್ಲ.

ತೊಂದರೆ ಇಲ್ವಾ ಅಂದ್ರೆ ಇದೆ. ಎದುರು ಮನೆಯವರು ಹಾವು ಬರುತ್ತೆ, ಸೊಳ್ಳೆ ಆಗುತ್ತೆ ಅಂತ ಬೇಜಾರು ಮಾಡ್ಕೊಂಡ್ರು. ಅವರು ಹೇಳೋದ್ರಲ್ಲೂ ಅರ್ಥ ಇದೆ, ಚಿಕ್ಕ ಮಕ್ಕಳಿದಾರೆ. ಅದಕ್ಕೆ ಸುತ್ತ ಮೂರು ಅಡಿ ಅಂಚು ಯಾವಾಗ್ಲೂ ಸವರಿ ಇಡ್ತೀವಿ, ನಡುವೆ ನೀರು ನಿಲ್ಲೋ ಗುಂಡಿ ಮುಚ್ಚಿದ್ವಿ. ಅಣ್ಣೆ ಹೊಲದಲ್ಲಿ ಕಳೆ, ರೈತರಿಗೆ ಅದರಿಂದ ತೊಂದರೆ, ಹೊಲದ ಪಕ್ಕ ಇರೋರು ಹಾಕ್ಬೇಡಿ. ತಂಗಡಿ ಮೊದಲ ವರ್ಷ ಹೂ ಬಿಡ್ಲಿಲ್ಲ, ಮೊಣಕಾಲುದ್ದ ಆಗಿ ನಿಂತಿದೆ, ಕಾಯ್ಬೇಕು.

ಖರ್ಚು ಮಣ್ಣಿಗೆ 100, ಎರೆಗೊಬ್ಬರ 5 ಕೆಜಿಗೆ 90, ಹುಚ್ಚೆಳ್ಳು 45, ಸ್ಯಾಂಡ್ ಪೇಪರ್ 20. ಒಟ್ಟು 255 ರೂಪಾಯಿಗೆ 400ರ ಮೇಲೆ ಉಂಡೆ ಆಯ್ತು, ಅರ್ಧ ಚೀಲ ಮಣ್ಣು ಇನ್ನೂ ಇದೆ. ಡಬ್ಬೀಲಿ ಒಂದು ಉಂಡೆಗೆ 17 ರೂಪಾಯಿ ಮೇಲೆ ಬಿದ್ದಿತ್ತು.

ಡಬ್ಬಿಗೆ 5ಕ್ಕೆ 1.5, ಆ ಒಂದೂವರೇನೂ ಪ್ಯಾಕಿಂಗ್‌ಗೆ, ಕಾಸ್ಮಾಸ್‌ಗೆ. ಬೀಜದ ಹೆಸರು, ದಿನಾಂಕ, ಯಾವ ಊರಿಗೆ ಯಾವ ತಿಂಗಳು ಅಂತ ಬರೆದು, ಗೊಬ್ಬರ ಸೇರಿಸಿ ಮಾಡಿದ್ರೆ ನಾನೇ ಮತ್ತೆ ತಗೊಂಡು ಇಲ್ಲೇ ಬಂದು ಒಳ್ಳೇದು ಬರೀತೀನಿ. ಮನೇಲಿ ಮಾಡಿದ ಉಂಡೆಗೆ 4, ಒಂದು ಕಡಿಮೆ ಯಾಕಂದ್ರೆ ಮಣ್ಣು ಕುಟ್ಟಿ ಜರಡಿ ಹಿಡಿಯೋ ಕೆಲಸಕ್ಕೆ ಸೊಂಟ ಬಿದ್ದೋಗುತ್ತೆ, ಒಬ್ಬರೇ ಮಾಡೋಕೆ ಹೋಗ್ಬೇಡಿ.

ದೀಪಾವಳಿ ದಿನ ಆರು ಗಂಟೆಗೆ ಅತ್ತೆ ಮೊರ ಹಿಡ್ಕೊಂಡು ಸೈಟಿಗೆ ಇಳಿದ್ರು, ಇಬ್ಬನಿಗೆ ಸೀರೆ ಅಂಚೆಲ್ಲ ಒದ್ದೆ. ಅಣ್ಣೆ ಹೂ ಒಂದು ಹಿಡಿ, ಹುಚ್ಚೆಳ್ಳು ಎರಡು ಹಿಡಿ. ತಂಗಡಿ ಹೂನ ಮಾತ್ರ ರಿಂಗ್ ರೋಡಿಂದ ತಂದಿದ್ದೆ. ಬೆನಕನಿಗೆ ಸಿಕ್ಕಿಸಿ ಮಿಕ್ಕಿದ್ದನ್ನ ಎದುರು ಮನೆಗೂ ಕೊಟ್ಟು ಬಂದ್ರು, ಅವರೂ ತುರುವೇಕೆರೆ ಕಡೆಯವರಂತೆ, ಅಣ್ಣೆ ಹೂ ನೋಡಿ ತುಂಬಾ ಹೊತ್ತು ಕೈಯಲ್ಲೇ ಹಿಡ್ಕೊಂಡಿದ್ರಂತೆ. ಮೊನ್ನೆ ಬಂದು ಬೀಜ ಕೇಳಿದ್ರು, ಬೂದಿ ಬೆರೆಸಿ ಹಾರ್ಲಿಕ್ಸ್ ಬಾಟಲಲ್ಲಿ ಹಾಕಿಟ್ಟಿದೀನಿ, ಅರ್ಧ ಅವರಿಗೆ.